ಮತಗಟ್ಟೆಯ ಇಳಿಜಾರು

ಮತದಾನ ನಡೆಯುತ್ತಿದ್ದ ಶಾಲೆಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು: ಕೋಲು ಹಿಡಿದ ಟೈಲರ್ ಅಜ್ಜಿ, ಅವರ ತೋಳು ಹಿಡಿದ ಹೊಸ ನೆರೆಮನೆಯಾಕೆ. ಮೆಟ್ಟಿಲ ಪಕ್ಕದಲ್ಲಿ ಸಿಮೆಂಟಿನ ಇಳಿಜಾರು.

"ಇದಿರೋದು ಒಳ್ಳೇದಾಯ್ತು ಅಜ್ಜಿ, ನಿಮ್ಮ ಮಂಡಿಗೆ."

"ಮೊದಲು ಮರದ ಹಲಗೆ ಹಾಕ್ತಿದ್ರು. ಓಟು ಮುಗೀತು ಅಂದ್ರೆ ಪೆಟ್ಟಿಗೆ ಜೊತೆ ಹಲಗೇನೂ ಗಾಡಿ ಹತ್ತೋದು."

"ಅಯ್ಯೋ! ಮತ್ತೆ ನಿಮ್ಮ ಮೊಮ್ಮಗಳ ಗಾಲಿಕುರ್ಚಿ?"

"ಅವಳೆಲ್ಲಿ ಶಾಲೆಗೆ ಬರ್ತಿದ್ಲು? ಮನೇಲೇ ಕೂತು ನಾನು ಹೊಲಿದ ಅಂಗಿಗೆ ಗುಂಡಿ ಹಾಕ್ತಿದ್ಲು."

"ಯಾರೂ ಕೇಳ್ಲಿಲ್ವಾ?"

"ಹೋದ ಸಲ ಗೆದ್ದ ಶಾಸಕಿ, ಹಲಗೆ ಎತ್ತೋದನ್ನ ಕಣ್ಣಾರೆ ನೋಡಿದ್ರು. ದೊಡ್ಡೋರು ಐದು ವರ್ಷಕ್ಕೊಂದ್ಸಲ ಬರ್ತಾರೆ, ಮಕ್ಕಳು ದಿನಾ ಬರಬೇಕಲ್ರೀ ಅಂತ ರೇಗಾಡಿ ಇದನ್ನ ಕಟ್ಟಿಸಿದ್ರು. ಆ ತಾಯಿ ಹೊಟ್ಟೆ ತಣ್ಣಗಿರಲಿ."

"ಹಾಗಾದ್ರೆ ನಿಮ್ಮ ಓಟು ಅವರಿಗೇ!"

"ಅದನ್ನೆಲ್ಲ ಬಾಯಿಬಿಡಬಾರದು ಕಣೇ."

ಸಾಲು ಸರಿಯಿತು. ಇಳಿಜಾರಿನ ಬುಡದಲ್ಲಿ ಅಜ್ಜಿ ನಿಂತರು. ಸಿಮೆಂಟಿನ ಮೇಲೆ ಕೆಸರಿನ ಎರಡು ಗೆರೆಗಳು ಒಣಗಿದ್ದವು.

"ಮೊನ್ನೆ ಅವಳು ಶಾಲೆಗೆ ಬಂದ ಗುರುತು. ತುಳೀಬೇಡ, ನಡುವೆ ಬಾ."

ಇಬ್ಬರೂ ಗೆರೆಗಳ ನಡುವೆ ನಿಧಾನವಾಗಿ ಹತ್ತಿ ಒಳಗೆ ಹೋದರು. ಹಿಂದೆಯೇ ನಾನೂ, ಹೆಜ್ಜೆ ನೋಡಿಕೊಂಡು.