ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಕತ್ತರಿ

೧೯೫೬ರ ಮಾರ್ಚಿ ೧೧. ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ನಾವು ಹದಿಮೂರು ಮಂದಿ ಬಸ್ಸಿಗೆ ಕಾಯುತ್ತಿದ್ದೆವು. ಚಾಮರಾಜನಗರದ ನಾಟಕ ಕಂಪನಿ ಸೇರಲು ಹೊರಟಿದ್ದ ದರ್ಜಿ ನಿಂಗಯ್ಯನ ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಅವನ ಅಕ್ಕ ಮಾದಮ್ಮ ಇಣುಕಿದಳು.

“ಇದ್ರೊಳಗೆ ಕತ್ತರಿ ಯಾಕ್ಲಾ?”

“ಹಗಲು ವೇಸದ ಬಟ್ಟೆ ಒಲಿಯಾದು, ರಾತ್ರಿ ಆರ್ಮೋನಿ ಬಾರ್ಸಾದು. ಅಂಗಂತ ಒಪ್ಕಂಡಿವ್ನಿ ಕಣಕ್ಕ.”

“ಬರೀ ಆರ್ಮೋನಿಗೆ ಕರೀನಿಲ್ವಾ?”

“ಅದ್ಕೆ ಇನ್ನೂ ಮೂವರು ಕಾಯ್ತಾವ್ರೆ. ಕತ್ತರಿ ಇಡಿಯಾನು ನಾನೊಬ್ನೇ.”

“ಸದ್ಯ! ಒಲಿಗೆ ಮಿಸನ್ನು ಮಾರ್ಬುಟ್ಟೆ ಅನ್ಕಂಡು ನಿದ್ದೆಗೆಟ್ಟಿದ್ದೆ ಕಣ್ಲಾ.”

“ಮಾರಾನಾ? ಮಳೆಗಾಲಕ್ಕೆ ಕಂಪನಿ ಮುಚ್ತದೆ. ಬಂದು ಅಂಗಡಿ ತೆಗೀತೀನಿ.”

“ಅಂಗಾದ್ರೆ ಓಗು, ಸಂದಾಗಿ ಬಾರ್ಸು. ನನ್ನ ರವಿಕೆ ಎಲ್ಲಿ?”

“ಒಂದು ತೋಳು ಒಲಿದಿವ್ನಿ.”

“ಇನ್ನೊಂದು?”

“ಬಸ್ ಬಂತಕ್ಕ!”

ಇಬ್ಬರೂ ಗಟ್ಟಿಯಾಗಿ ನಕ್ಕರು. ನಿಂಗಯ್ಯ ಬಸ್ಸು ಹತ್ತಿದ. ರವಿಕೆಯ ಎಡದ ತೋಳು ಮಳೆಗಾಲದವರೆಗೆ ಬಾಕಿ ಉಳಿಯಿತು.