ನುಗ್ಗೆಸೊಪ್ಪಿಗೆ ಬಗ್ಗದ ರಕ್ತ

ಅಧ್ಯಕ್ಷರಾದ ಉಮಾಕಾಂತ ಅಂಕಲ್ ಅವರೇ, ಗಣ್ಯರೇ, ಹೋಳಿಗೆಯ ವಾಸನೆಗೆ ಆಗಲೇ ಹಿಂದಿರುಗಿ ನೋಡುತ್ತಿರುವ ಸಭಿಕರೇ,

ಸ್ವೀಡನ್ನಿನ ಈ ಗೋಥೆನ್‌ಬರ್ಗ್ ಕನ್ನಡ ಸಂಘದಲ್ಲಿ ನಾನು ಬಹಳ ಕಾಲ ಮುಚ್ಚಿಟ್ಟ ಮಾತೊಂದಿದೆ. ನನ್ನ ರಕ್ತದಲ್ಲಿ ಒಂದು ಕಾಯಿಲೆಯ ಪಾಲಿದೆ. ನನಗೆ ಕಾಯಿಲೆ ಇಲ್ಲ; ನಾನು ಅದರ ವಾಹಕ. ಆ ಪಾಲು ಗ್ಯಾಂಬಿಯಾದ ನನ್ನ ಅಪ್ಪ ಲಮಿನ್ ಅವರಿಂದ ಬಂದದ್ದಲ್ಲ. ಬಸವನಗುಡಿಯ ನನ್ನ ಅಮ್ಮ ನಳಿನಿಯಿಂದ ಬಂದದ್ದು.

ಯಾಕೆ ಗುಸುಗುಸು? ಅಮ್ಮ ಮೊದಲ ಸಾಲಿನಲ್ಲೇ ಕೂತಿದ್ದಾರೆ. ಹೇಳು ಎಂದವರೂ ಅವರೇ.

ಅಕ್ಕ ಚಾರ್ವಿಗೆ ಅಸ್ಥಿಮಜ್ಜೆ ಕೊಡಲಿರುವುದಕ್ಕೆ ನನಗೆ ಈ ಶಾಲು ಹೊದಿಸಿದ್ದೀರಿ. ನಿರೂಪಕರು ‘ಉನ್ನತ ವ್ಯಾಸಂಗದಲ್ಲಿದ್ದಾರೆ’ ಎಂದರು. ಇಲ್ಲ, ಶಾಲೆ ಅರ್ಧಕ್ಕೆ ಬಿಟ್ಟು ಸೈಕಲ್ ರಿಪೇರಿ ಅಂಗಡಿಯಲ್ಲಿದ್ದೇನೆ. ಆದರೆ ಅಕ್ಕ ನೋವಿನಿಂದ ಮುದುಡಿದಾಗಲೆಲ್ಲ ಪಕ್ಕದಲ್ಲಿ ಕೂತಿದ್ದೇನೆ. ಕುಡುಗೋಲಿನಂತೆ ಬಾಗಿದ ರಕ್ತಕಣಗಳು ನಾಳದಲ್ಲಿ ಸಿಕ್ಕಿಕೊಂಡರೆ ಮೂಳೆ ಮುರಿದಂತೆ ನೋಯುತ್ತದೆ.

ನೀವೆಲ್ಲ ಮರುಗಿದಿರಿ. ‘ಪಾಪ, ಅಪ್ಪನ ಕಡೇದು. ಆಫ್ರಿಕಾದವರಿಗೆ ಬರುತ್ತಂತೆ’ ಎಂದಿರಿ. ಅರ್ಧ ನಿಜ. ಕುಡುಗೋಲಿನ ಪಾಲು ಅಪ್ಪನದು. ಥಲಸ್ಸೀಮಿಯಾ ಎಂಬ ಇನ್ನೊಂದು ಪಾಲು ಅಮ್ಮನದು. ಎರಡೂ ಸೇರಿದ್ದು ಅಕ್ಕನಲ್ಲಿ. ನನಗೆ ಬಣ್ಣ ಅಪ್ಪನದು, ದೋಷ ಅಪ್ಪಟ ಬಸವನಗುಡಿಯದು!

ಅಮ್ಮನಿಗೆ ಚಿಕ್ಕಂದಿನಿಂದ ‘ರಕ್ತ ಕಡಿಮೆ’. ಅಜ್ಜಿ ನುಗ್ಗೆಸೊಪ್ಪು ತಿನ್ನಿಸಿದರು, ಬೀಟ್‌ರೂಟ್ ತಿನ್ನಿಸಿದರು, ಕಬ್ಬಿಣದ ಮಾತ್ರೆ ನುಂಗಿಸಿದರು. ರಕ್ತ ಬಗ್ಗಲಿಲ್ಲ; ಕಾರಣ ಕಬ್ಬಿಣದ ಕೊರತೆಯಲ್ಲ, ಈ ಥಲಸ್ಸೀಮಿಯಾ. ಜಾತಕವನ್ನು ಊರಿಗೆಲ್ಲ ತೋರಿಸಿದರು. ರಕ್ತವನ್ನು ಯಾರಿಗಾದರೂ ತೋರಿಸಿದರೇ?

ಅಕ್ಕನ ಕಾಯಿಲೆ ಗೊತ್ತಾದಾಗ ವೈದ್ಯರು ಅಪ್ಪ, ಅಮ್ಮ ಇಬ್ಬರನ್ನೂ ಪರೀಕ್ಷಿಸಿ ಈ ವಿಷಯ ಹೇಳಿದರು. ‘ಲಮಿನ್, ಸಂಘದಲ್ಲಿ ಏನಂತಾರೋ!’ ಎಂದು ಅಮ್ಮ ಅತ್ತರಂತೆ. ಅಪ್ಪ ತಮ್ಮ ಕನ್ನಡದಲ್ಲಿ, ‘ನನ್ನ ಮೇಲೇ ಇರ್ಲಿ ಬಿಡು ನಳಿನಿ, ನನ್ನ ಭುಜ ದೊಡ್ಡದು’ ಎಂದರಂತೆ. ಅಂದಿನಿಂದ ನಿಮ್ಮ ಕನಿಕರವನ್ನೆಲ್ಲ ಒಬ್ಬರೇ ಹೊತ್ತರು.

ಮದುವೆಗೆ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಇಬ್ಬರೂ ವಾಹಕರೆಂದು ಗೊತ್ತಾದರೂ ಮದುವೆ ಮುರಿಯಬೇಕಿಲ್ಲ. ಹುಟ್ಟುವ ಮಕ್ಕಳ ಬಗ್ಗೆ ವೈದ್ಯರನ್ನು ಮೊದಲೇ ಕೇಳಬಹುದು. ಗೊತ್ತಿದ್ದರೂ ಮದುವೆಯಾಗುತ್ತಿದ್ದಿರಾ ಎಂದು ಇಬ್ಬರನ್ನೂ ಕೇಳಿದೆ. ಅಪ್ಪ ‘ಹೌದು’ ಎಂದರು. ಅಮ್ಮ, ‘ಏನೋ ಪ್ರಶ್ನೆ ಇದು, ತಲೆಹರಟೆ!’ ಎಂದರು.

ವಾಹಕನ ಮಜ್ಜೆ ಅಕ್ಕನಿಗೆ ಆಗುತ್ತದೆಯೇ? ಆಗುತ್ತದೆ, ಪರೀಕ್ಷೆಯಲ್ಲಿ ಹೊಂದಿಕೆಯಾಗಿದೆ. ಲುಂಡ್‌ನ ಆಸ್ಪತ್ರೆಯಿಂದ ಅಕ್ಕ ಫೋನಿನಲ್ಲಿ ನಕ್ಕಳು: ‘ಅಂತೂ ಒಂದು ಟೆಸ್ಟ್ ಪಾಸಾದೆ ಕಣೋ, ಸ್ಕಂದ!’

ಕೇಳಿದ ನಿಮಗೆಲ್ಲ ಧನ್ಯವಾದ. ಹಿಂದೆ ಲೋಟಗಳಿಗೆ ಕಾಫಿ ಬಗ್ಗಿಸುತ್ತಿರುವ ಅಪ್ಪ ದಯವಿಟ್ಟು ವೇದಿಕೆಗೆ ಬರಬೇಕು. ಈ ಶಾಲು ಆ ದೊಡ್ಡ ಭುಜಕ್ಕೆ ಸೇರಬೇಕಾದದ್ದು. ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ನಾನು ಲುಂಡ್‌ಗೆ ಹೊರಡುತ್ತೇನೆ.