ಎಡಗೋಡೆಯ ಗಾರೆಮಗು

ಆ ವರ್ಷ ಪಲೆರ್ಮೊದಲ್ಲಿ ಜನವರಿಯ ಮಳೆ ಹಿಡಿದದ್ದು ಬಿಡಲೇ ಇಲ್ಲ. ಗಾರೆ ಕೆಲಸದವರಿಗೆ ಇಂಥ ಮಳೆಯೆಂದರೆ ಕೈ ಕಟ್ಟಿ ಕೂರಿಸಿದ ಹಾಗೆ. ಬಳಿದ ಸುಣ್ಣ ಆರುವುದಿಲ್ಲ, ಆರದೆ ಮೇಲಿನ ಪದರ ಕೂರುವುದಿಲ್ಲ. ಹಳೆಯದೊಂದು ಪ್ರಾರ್ಥನಾ ಮಂದಿರದ ರಿಪೇರಿಗೆ ಬಂದಿದ್ದ ನಾವು ಆರು ಜನ ಅಂದು ಮಧ್ಯಾಹ್ನ ಅಟ್ಟಣಿಗೆಯಿಂದಿಳಿದು ಬರಿ ನೆಲದ ಮೇಲೆ ಮುದುರಿ ಕೂತಿದ್ದೆವು. ಒಳಗೆ ಕೆಂಡ ಹಾಕುವಂತಿರಲಿಲ್ಲ. ಹೊಗೆಗೆ ಗೋಡೆ ಕಪ್ಪಾಗುತ್ತದೆಂದು ಮಂದಿರದವರ ಕಟ್ಟಪ್ಪಣೆ.

ನಮ್ಮ ಜೊತೆ ಅಗ್ರಿಪ್ಪಿನಜ್ಜಿ ಇದ್ದಳು. ಈ ಮಂದಿರದ ಗೋಡೆಗಳ ಮೇಲೆ ಗಾರೆಯ ಸಂತರನ್ನೂ ದೇವದೂತ ಮಕ್ಕಳನ್ನೂ ಮಾಡಿದ ಒನೊಫ್ರಿಯೊ ಮೇಸ್ತ್ರಿಯ ವಿಧವೆ. ಎಡಗೋಡೆ ಬಿರುಕು ಬಿಟ್ಟಿದೆ, ಅದರ ಮೇಲಿನ ಗಾರೆಯನ್ನೆಲ್ಲ ಒಡೆದು ತೆಗೆಯುತ್ತಾರೆ ಎಂಬ ಸುದ್ದಿ ತಿಳಿದಂದಿನಿಂದ ಮೂರು ದಿನ ಸತತವಾಗಿ ಬರುತ್ತಿದ್ದಳು. ಕಡಲೆಹಿಟ್ಟಿನ ಬಿಲ್ಲೆ ಕರಿದು ತರುವಳು, ನಮಗೆ ಕೊಟ್ಟು ಕೆಳಗೆ ಬೆಂಚಿನಲ್ಲಿ ಕೂತು ಸುಮ್ಮನೆ ಮೇಲೆ ನೋಡುವಳು.

ನಮ್ಮ ಕಾಲೊಜೆರೊ ಮೇಸ್ತ್ರಿ ಕೆಣಕಿದ. ಯಜಮಾನರ ಕೆಲಸ ಒಡೆಯುತ್ತೇವೆಂದು ಅಜ್ಜಿಗೆ ಬೇಜಾರಾಗಿರಬೇಕು ಎಂದ. ಅಜ್ಜಿ ಮೂಗು ಮುರಿದಳು. ಒಡೆಯಲಿ ಬಿಡು, ಆ ಸಂತರಿಗೆಲ್ಲ ನನ್ನ ಮಾವನ ಮೂಗನ್ನೇ ಅಂಟಿಸಿದ್ದಾರೆ, ಐವತ್ತು ವರ್ಷದಿಂದ ನೋಡಿ ನೋಡಿ ಸಾಕಾಗಿದೆ ಎಂದಳು. ನಾವು ನಕ್ಕೆವು. ಅವಳು ನಗಲಿಲ್ಲ. ನಾಳೆ ಬೆಳಿಗ್ಗೆ ಉಳಿ ಇಡುವ ಮೊದಲು ಒಂದು ವಿಷಯ ಕೇಳಿಸಿಕೊಳ್ಳಿ ಎಂದು ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು. ಇನ್ನು ಅವಳ ಮಾತಿನಲ್ಲೇ ಕೇಳಿ.

*

ಈ ಮಂದಿರದ ಕೆಲಸ ನಡೀವಾಗ ನನಗೆ ಇಪ್ಪತ್ತಾರು ವರ್ಷ ಕಣ್ರಪ್ಪ. ನಾನೂ ನನ್ನ ತಂಗಿ ನಿನ್ಫಾನೂ ಅಗೋ, ಆ ಮೂಲೇಲಿ ಕೂತು ಅಮೃತಶಿಲೆ ಪುಡಿ ಜರಡಿ ಹಿಡೀತಿದ್ವಿ. ನಿನ್ಫಾಗೆ ಆಗ ಎಂಟು ತಿಂಗಳ ಬಸಿರು. ಗಂಡ ಮೇ ತಿಂಗಳಲ್ಲಿ ದೊಡ್ಡ ಮೀನು ಹಿಡಿಯೋಕೆ ಹೋದೋನು ಬಲೇಗೆ ಕಾಲು ಸಿಕ್ಕಿ ಸಮುದ್ರದ ಪಾಲಾಗಿದ್ದ, ಹೆಣಾನೂ ಸಿಗಲಿಲ್ಲ. ಅವಳು ಜರಡಿ ನಿಲ್ಲಿಸಿ, ಹೊಟ್ಟೆ ಮೇಲೆ ಕೈಯಿಟ್ಟು, ಇವನೊಬ್ಬ ಇದಾನಲ್ಲ ಅಕ್ಕ, ಸಾಕು ಅನ್ನೋಳು. ಅವಳಿಗೆ ಈ ಭೂಮಿ ಮೇಲೆ ಇದ್ದಿದ್ದು ಅಷ್ಟೇ.

ಇಂಥದ್ದೇ ಒಂದು ಮಳೆ ಮಧ್ಯಾಹ್ನ... ಗಂಡಸರು ಊಟಕ್ಕೆ ಹೋಗಿದ್ರು, ಅವಳಿಗೆ ನೋವು ಬಂತು. ಸೂಲಗಿತ್ತೀನ ಕರೆಯೋಕೂ ಪುರುಸೊತ್ತಾಗಲಿಲ್ಲ, ಮಗು ನನ್ನ ಕೈಲಿತ್ತು. ಗಂಡು. ಮೈಯೆಲ್ಲ ನೀಲಿ. ಬೆನ್ನು ತಟ್ಟಿದೆ, ಬಾಯಿ ಒರೆಸಿದೆ, ಅಳಲಿಲ್ಲ. ಪಾದ್ರಿಗಳು ಪಕ್ಕದ ಮನೇಲೇ ಇದ್ರು, ಕೂಗಿದ್ದಕ್ಕೆ ನೆನೆದುಕೊಂಡೇ ಓಡಿಬಂದ್ರು. ಕೆಟ್ಟವರಲ್ಲ ಅವರು. ಒಂದು ಗರಿ ತಗೊಂಡು ಮಗು ತುಟಿ ಹತ್ರ ಹಿಡಿದ್ರು. ಗರಿ ಅಲುಗಿದ್ರೆ ಜೀವ ಇದೆ, ಜೀವ ಇದ್ರೆ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು, ಇಲ್ಲದಿದ್ರೆ ಇಲ್ಲ. ಮೂರು ಜನರ ಕಣ್ಣೂ ಆ ಗರಿ ಮೇಲೆ... ಅಲುಗಲಿಲ್ಲ. ಇಲ್ಲಮ್ಮ ಅಂತ ಹೇಳಿ, ಕಣ್ಣೊರೆಸಿಕೊಂಡು ಹೋದ್ರು.

ಜ್ಞಾನಸ್ನಾನ ಆಗದ ಮಗೂಗೆ ಏನಿದೆ ಹೇಳಿ? ಹೆಸರಿಲ್ಲ, ಇಗರ್ಜಿಯ ಸ್ಮಶಾನದಲ್ಲಿ ಜಾಗ ಇಲ್ಲ, ಸತ್ತ ಮೇಲೂ ತಾಯಿಗೆ ಅದರ ಮುಖ ನೋಡೋ ಭಾಗ್ಯ ಇಲ್ಲ. ಊರಗೋಡೆಯಾಚೆ, ಸತ್ತ ಹೇಸರಗತ್ತೆ ಎಸೆಯೋ ಕಡೆ ಹೂಳಬೇಕು. ನಿನ್ಫಾ ನನ್ನ ಕಾಲು ಹಿಡ್ಕೊಂಡ್ಲು.

"ಹೊರಗೆ ಹಾಕಬೇಡ ಅಕ್ಕ, ನಾಯಿ ತೋಡ್ತಾವೆ. ಒಳಗೇ ಎಲ್ಲಾದ್ರೂ ಇಡು. ದೇವರ ಹತ್ರ ಇಡು."

ಹಾಗಂತ ಎಡಗೋಡೆ ಕಡೆ ಕೈ ತೋರಿಸಿದ್ಲು. ಅಲ್ಲಿ ನಮ್ಮೆಜಮಾನ್ರು ಹೊಸ ದೇವದೂತ ಮಗು ಒಂದನ್ನ ಶುರು ಮಾಡಿದ್ರು. ಜೊಂಡಿನ ಕಡ್ಡಿ, ಹುಲ್ಲು, ಚಿಂದಿ ಬಟ್ಟೆ ಕಟ್ಟಿದ ಬರೀ ಹಂದರ, ಹೊಟ್ಟೆ ಇನ್ನೂ ಟೊಳ್ಳು. ಒಂದು ಹಸುಗೂಸು ಮಲಗೋವಷ್ಟು ಟೊಳ್ಳು...

ಬೇಡ ಅನ್ನಬೇಕಿತ್ತಾ ನಾನು? ನಿಮ್ಮ ತಂಗಿ ಆಗಿದ್ರೆ ನೀವು ಅಂತಿದ್ರಾ? ಮಗೂನ ನನ್ನ ತಲೆವಸ್ತ್ರದಲ್ಲಿ ಸುತ್ತಿದೆ, ಅವಳು ಮುತ್ತಿಟ್ಟು ಕೊಟ್ಲು, ಎತ್ಕೊಂಡು ಅಟ್ಟಣಿಗೆ ಹತ್ತಿದೆ. ಹಂದರದೊಳಗೆ ಮಲಗಿಸಿ, ಬಾನಿ ನೀರಿಗೆ ಜಿಪ್ಸಂ ಪುಡಿ ಸುರಿದು ಕಲಸಿದೆ. ಗಾರೆಯವನ ಹೆಂಡತಿ ನಾನು, ಕೈಗೆ ಕೆಲಸ ಗೊತ್ತು. ಕಾಲಿನಿಂದ ಶುರು ಮಾಡಿ ಮೇಲಕ್ಕೆ ಬಳೀತಾ ಬಂದೆ. ಎದೆ ಹತ್ರ ಬಂದಾಗ ಅಂಗೈಗೆ ಬಿಸಿ ಹತ್ತಿತು.

ಜಿಪ್ಸಂ ಬಿಸಿಯಾಗುತ್ತೆ, ನಿಮಗೆ ಹೇಳಬೇಕಾ? ದಿನಾ ಅದರಲ್ಲೇ ಕೈಯಾಡಿಸೋರು. ಗಾರೆ ಬಿಸಿ ಅಂದ್ಕೊಂಡೆ. ಬಳೀತಾನೇ ಹೋದೆ. ಮುಖ ಮುಚ್ಚಿದೆ.

ಸಂಜೆ ಮನೆಗೆ ಹೋಗಿ ಕೈ ತೊಳೀತಾ ಇದ್ದಾಗ ಹೊಳೀತು. ಜಿಪ್ಸಂ ಬಿಸಿಯಾಗೋದು ಯಾವಾಗ? ಗಟ್ಟಿಯಾಗೋವಾಗ. ನನ್ನ ಕೈಗೆ ಬಿಸಿ ಹತ್ತಿದ್ದು ಯಾವಾಗ? ಅದಿನ್ನೂ ಮಜ್ಜಿಗೆ ಹಾಗೆ ಬೆರಳ ಸಂದೀಲಿ ಇಳೀತಿದ್ದಾಗ... ಆಪತ್ತಿನಲ್ಲಿ ಯಾವ ಹೆಂಗಸಾದ್ರೂ ಜ್ಞಾನಸ್ನಾನ ಕೊಡಬಹುದು ಕಣ್ರಪ್ಪ, ಪಾದ್ರೀನೇ ಬೇಕು ಅಂತಿಲ್ಲ. ಒಂದು ಬೊಗಸೆ ನೀರು, ನಾಲ್ಕು ಮಾತು. ನೀರು ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಅದನ್ನ ನಾನು ಗಾರೆ ಕಲಸೋಕೆ ಬಳಸಿದೆ.

ಓಡಿಹೋಗಿ ಒಡೀಬೇಕಿತ್ತು ಅಂತೀರಾ? ಅಷ್ಟು ಹೊತ್ತಿಗೆ ಕಲ್ಲಾಗಿತ್ತಲ್ಲ ಅದು. ಒಡೆದು ನೋಡಿದ್ರೆ ನಾನೇನು ಮಾಡಿದೆ ಅನ್ನೋದು ಗೊತ್ತಾಗಿಬಿಡುತ್ತಲ್ಲ... ಹೆದರಿದೆ. ಹೇಡಿ ನಾನು. ಬೇರೆ ಏನು ಹೇಳಲಿ.

ಮಗೂನ ಊರಾಚೆ ಹೂತೆ, ಆ ಗಾರೆ ಬಳಿದಿದ್ದು ನಾನೇ ಅಂತ ಮನೇಲಿ ಹೇಳಿದ್ದೆ. ಮೂರು ವಾರ ಕಳೆದ ಮೇಲೆ ಹೊಳಪಿನ ಪದರ ಬಳಿಯೋಕೆ ಅಂತ ನಮ್ಮೆಜಮಾನ್ರು ಹತ್ತಿದ್ರು. ಅರ್ಧಕ್ಕೇ ಇಳಿದು ಬಂದು, "ಆ ಮಗು ಎದೆ ಇನ್ನೂ ಆರಿಲ್ವಲ್ಲೇ" ಅಂದ್ರು. ನಾನು ತಲೆ ತಗ್ಗಿಸಿದೆ. ಅವರು ಮತ್ತೇನೂ ಕೇಳಲಿಲ್ಲ, ಸಾಯೋವರೆಗೂ ಕೇಳಲಿಲ್ಲ, ಆ ಗೋಡೆ ಕಡೆ ಮುಖಾನೂ ಹಾಕಲಿಲ್ಲ. ಉಳಿದದ್ದನ್ನ ನಾನೇ ಹತ್ತಿ ತಿಕ್ಕಿ ಹೊಳಪು ಮಾಡಿದೆ.

ನಿನ್ಫಾ ಮಾತ್ರ ನೆಮ್ಮದಿಯಾಗಿದ್ಲು. ದಿನಾ ಪೂಜೆಗೆ ಬರೋಳು, ಅವನ ಕೆಳಗೇ ನಿಲ್ಲೋಳು. ಮಾರನೇ ವರ್ಷ ಹಬ್ಬಕ್ಕೆ ಗೋಡೆ ಧೂಳು ಹೊಡೆಯೋವಾಗ, ಅವನನ್ನ ನಾನೇ ಒರೆಸ್ತೀನಿ ಅಂತ ಹಟ ಹಿಡಿದು ಏಣಿ ಹತ್ತಿದ್ಲು. ನಾನೂ ಹಿಂದೇನೇ ಹತ್ತಿದೆ. ನೋಡ್ತೀನಿ, ಎದೆ ಮೇಲೆ ಕೆನ್ನೆ ಇಟ್ಕೊಂಡಿದಾಳೆ. ಆಮೇಲೆ ಧೂಳು ಹೊಡೆಯೋ ಕುಚ್ಚಿಂದ ಒಂದು ಗರಿ ಕಿತ್ತು ಆ ಗಾರೆ ತುಟಿ ಹತ್ರ ಹಿಡಿದ್ಲು. ಕಿಟಕಿ ಎಲ್ಲ ಮುಚ್ಚಿತ್ತು. ಗರಿ ಅಲುಗಿತು... ಒಂದು ಸಲ ಅಲ್ಲ. ಮೆಲ್ಲಗೆ ಆಚೆ, ಮೆಲ್ಲಗೆ ಈಚೆ.

"ಅಕ್ಕ, ಅವತ್ತು ಇವನ ಮೈ ಬಿಸಿ ಇತ್ತಾ?"

"ಇಲ್ಲ ಕಣೇ. ತಣ್ಣಗೆ ಕೊರೀತಿತ್ತು."

ಹಾಗಂದೆ ನಾನು. ಒಡಹುಟ್ಟಿದವಳ ಮುಖ ನೋಡ್ಕೊಂಡು ಹಾಗಂದೆ. ಅವಳು ನಂಬಿದ್ಲು! ಹಾಗಾದ್ರೆ ಇಲ್ಲಿಗೆ ಬಂದ ಮೇಲೆ ದೇವಮಾತೆ ಜೀವ ಕೊಟ್ಟಿದಾಳೆ, ಜೀವ ಇದ್ರೆ ನೀರು ಹಾಕಬಹುದು ಅಂತ ನಗ್ತಾ ಇಳಿದು, ತೀರ್ಥ ತಂದು ತಲೆ ಮೇಲೆ ಸುರಿದ್ಲು. ನಾನೇ ತಿಕ್ಕಿ ತಿಕ್ಕಿ ಹೊಳಪು ಮಾಡಿದ್ದೆನಲ್ಲ, ಒಂದು ಹನೀನೂ ಹಿಡೀಲಿಲ್ಲ, ಎಲ್ಲ ಜಾರಿ ನೆಲಕ್ಕೆ ಬಿತ್ತು. ನೀರು ಮೈಗೆ ತಾಗಬೇಕು ಅಕ್ಕ, ಸ್ವಲ್ಪ ಒಡೆದುಕೊಡು, ಹಣೆ ಹತ್ರ ಒಂದು ಬೆರಳಷ್ಟು ಸಾಕು ಅಂತ ಬೇಡಿಕೊಂಡ್ಲು. ಅವಳು ತಂದ ಉಳೀನ ಕಿತ್ಕೊಂಡು ಬಾವಿಗೆ ಎಸೆದೆ ನಾನು. ಒಡೆದ್ರೆ ಪಾದ್ರಿಗಳಿಗೆ ಗೊತ್ತಾಗುತ್ತೆ, ಮಗೂನ ಗೋಡೆಯಾಚೆ ಎಸೀತಾರೆ ಅಂತ ಹೆದರಿಸಿದೆ. ನಿಜವಾಗಿ ಹೆದರಿದ್ದು ಯಾಕೆ ಅಂತ ನಿಮಗೆ ಗೊತ್ತಲ್ಲ.

ಮೂರು ವರ್ಷ ಬದುಕಿದ್ಲು ಅವಳು. ಆ ಮೂರು ವರ್ಷಾನೂ ಎದೆಹಾಲು ಬತ್ತಲಿಲ್ಲ. ಆ ಮಗು ಕೆಳಗೆ ಬಂದು ನಿಂತ್ರೆ ಸಾಕು, ಕುಪ್ಪಸ ಒದ್ದೆಯಾಗೋದು. ಜ್ವರದಲ್ಲಿ ಬೇಯ್ತಾ ಬೇಯ್ತಾ ಕೊನೇಗೆ, ಅವನಿಗೊಂದು ಹೆಸರಿಡು ಅಕ್ಕ, ಹೆಸರಿಲ್ಲದೆ ಅಲ್ಲಿ ಹೇಗೆ ಕೂಗಲಿ ಅವನನ್ನ ಅಂದ್ಲು. ಆಗಲಿ ಅಂದೆ. ಐವತ್ತು ವರ್ಷ ಆಯ್ತು, ಇಟ್ಟಿಲ್ಲ. ನನ್ನ ಮಂಡಿ ಈಗ ಒಂದು ಮೆಟ್ಟಿಲೂ ಹತ್ತಲ್ಲ.

ಅದಕ್ಕೇ ಬಂದೆ. ಬೆಳಿಗ್ಗೆ ಉಳಿ ಇಡೋ ಮುಂಚೆ ಯಾರಾದ್ರೂ ಒಬ್ಬರು ಕೈಲಿ ನೀರು ಇಟ್ಕೊಳ್ರಪ್ಪ. ಹಣೆ ಹತ್ರ ಒಡೀರಿ, ಮೆಲ್ಲಗೆ. ಒಳಗೆ ಏನೇ ಕಾಣಲಿ, ಮೊದಲು ನೀರು ಹಾಕಿ.

*

ಮಳೆ ಸುರಿಯುತ್ತಲೇ ಇತ್ತು. ನಮ್ಮಲ್ಲಿ ಯಾರೂ ಮೇಲೆ ನೋಡಲಿಲ್ಲ. ಕೆಣಕುವ ಕಾಲೊಜೆರೊ ಮೇಸ್ತ್ರಿಯೇ ಕೊನೆಗೆ ಅಜ್ಜಿಯ ಪಕ್ಕ ಹೋಗಿ ಕೂತ. ಅವನ ದನಿ ಮೆತ್ತಗಾಗಿತ್ತು.

"ಅಜ್ಜಿ, ನೀರು ಹಾಕ್ತೀವಿ, ಪ್ರಾರ್ಥನೇನೂ ಹೇಳ್ತೀವಿ. ಆದ್ರೆ ಇಷ್ಟು ವರ್ಷ ಆದ ಮೇಲೆ ಅಲ್ಲಿರೋದು ಮೂಳೆ ಅಷ್ಟೇ. ಬಿಸಿ, ಉಸಿರು ಎಲ್ಲ ನಿಮ್ಮ ಸಂಕಟ. ನೀವು ಅವನನ್ನ ಕೊಂದಿಲ್ಲ."

ಅಜ್ಜಿ ಅವನ ಕೈಯನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು.

"ಹಾಗೇ ಇರಲಿ ಮೇಸ್ತ್ರಿ, ನಿನ್ನ ಬಾಯಿ ಹರಕೆಯಿಂದ ಹಾಗೇ ಇರಲಿ. ನಾನು ಹತ್ತಿ ನೋಡಿ ಎಷ್ಟೋ ವರ್ಷ ಆಯ್ತು, ನನಗೇನು ಗೊತ್ತು... ಆದ್ರೆ ಮೂರು ದಿನದಿಂದ ಕೆಳಗೆ ಕೂತು ನಿಮ್ಮನ್ನ ನೋಡ್ತಾ ಇದೀನಿ. ಅಟ್ಟಣಿಗೆ ಮೇಲೆ ಬೇಕಾದಷ್ಟು ಜಾಗ ಇದೆ, ಆ ಗೋಡೇಲಿ ಹನ್ನೊಂದು ಗಾರೆಮಕ್ಕಳಿದಾರೆ. ಈ ಕೊರೆಯೋ ಚಳೀಲಿ ಊಟಕ್ಕೆ ಕೂತಾಗ ನೀವು ಆರೂ ಜನ ಒತ್ತಿಕೊಂಡು, ಒಬ್ಬರಾದ ಮೇಲೊಬ್ಬರು ಅದೊಂದೇ ಮಗೂಗೆ ಬೆನ್ನು ಕೊಟ್ಟು ಕೂರ್ತೀರಲ್ಲ... ಯಾಕಪ್ಪ?"